ನಸ್ಸೌ ಮನೆತನದ ಅಡೋಲ್ಫ್: ಕರಾರಿನಿಂದ ಬಂದ ಪಟ್ಟ, ಕರಾರಿನಿಂದಲೇ ಹೋದ ಪಟ್ಟ

1292ರ ಮೇ 5ರಂದು ಫ್ರಾಂಕ್‌ಫರ್ಟ್‌ನಲ್ಲಿ ಜರ್ಮನಿಯ ರಾಜನಾಗಿ ಆಯ್ಕೆಯಾದ ಅಡೋಲ್ಫ್ ಡ್ಯೂಕ್ ಅಲ್ಲ, ಗಡಿಸೀಮೆಯ ಪ್ರಭುವಾದ ಮಾರ್ಗ್ರೇವ್ ಕೂಡ ಅಲ್ಲ, ಬರೀ ಕೌಂಟ್. ರೈನ್ ನದಿಯ ಬಲದಂಡೆಯಲ್ಲಿ ಒಂದಿಷ್ಟು ಕಾಡುಬೆಟ್ಟ, ನಾಲ್ಕಾರು ಕೋಟೆ, ವೀಸ್‌ಬಾಡೆನ್, ಇಡ್‌ಸ್ಟೈನ್, ವೈಲ್‌ಬುರ್ಗ್ ಎಂಬ ಸಣ್ಣ ಊರುಗಳು, ಇಷ್ಟೇ ಅವನ ಆಸ್ತಿ. ಆರು ವರ್ಷ ಕಳೆಯುವಷ್ಟರಲ್ಲಿ ಅವನನ್ನು ಆರಿಸಿದವರೇ ಮೈಂಟ್ಸ್‌ನಲ್ಲಿ ಕೂತು ಅವನ ಪಟ್ಟ ಕಿತ್ತುಕೊಂಡರು. ಒಂಬತ್ತು ದಿನ ಬಿಟ್ಟು ಅವನು ಯುದ್ಧದಲ್ಲಿ ಸತ್ತ.

ಚರಿತ್ರೆಯ ಪುಸ್ತಕಗಳಲ್ಲಿ ಅಡೋಲ್ಫನಿಗೆ ಹೆಚ್ಚಾಗಿ ಸಿಗುವುದು ಎರಡೇ ಸಾಲು: ಮಾತಿಗೆ ತಪ್ಪಿದವ, ಹಣಕ್ಕೆ ಕೈಯೊಡ್ಡಿದವ. ಆ ಎರಡು ಸಾಲು ಸುಳ್ಳಲ್ಲ. ಆದರೆ ಅವನು ಕೊಟ್ಟ ಮಾತೇನು, ಅದನ್ನು ಉಳಿಸಿಕೊಳ್ಳಲು ಅವನ ಬಳಿ ಇದ್ದದ್ದೇನು ಎಂದು ಲೆಕ್ಕ ಹಾಕಿದರೆ ಬೇರೆ ಚಿತ್ರ ಕಾಣುತ್ತದೆ. ಆ ಕರಾರನ್ನು ಯಾವ ರಾಜನೂ ಪೂರೈಸಲು ಸಾಧ್ಯವಿರಲಿಲ್ಲ. ಬರೆಸಿಕೊಂಡವರಿಗೂ ಅದು ಗೊತ್ತಿದ್ದಿರಬೇಕು.

ಲಾನ್ ನದಿಯ ಮನೆತನ

ನಸ್ಸೌ ಎಂಬುದು ಮೊದಲು ಊರಿನ ಹೆಸರು. ರೈನ್‌ಗೆ ಪೂರ್ವದಿಂದ ಬಂದು ಸೇರುವ ಲಾನ್ ನದಿಯ ದಂಡೆಯಲ್ಲಿದೆ. ಈ ಮನೆತನದವರು ಮೊದಲು ಅಲ್ಲೇ ಮೇಲ್ಗಡೆಯ ಲೌರೆನ್‌ಬುರ್ಗ್ ಕೋಟೆಯ ಕೌಂಟ್‌ಗಳು. 12ನೇ ಶತಮಾನದ ಆರಂಭದಲ್ಲಿ ನಸ್ಸೌ ಬೆಟ್ಟದ ಮೇಲೆ ಹೊಸ ಕೋಟೆ ಕಟ್ಟಿದರು. ಆ ಜಾಗ ತಮ್ಮದೆಂದು ವರ್ಮ್ಸ್‌ನ ಬಿಷಪ್‌ಗಳು ತಕರಾರು ತೆಗೆದರು. ದಶಕಗಟ್ಟಲೆ ನಡೆದ ವ್ಯಾಜ್ಯ ಕೊನೆಗೆ 1159ರಲ್ಲಿ ಬಗೆಹರಿಯಿತು: ಕೋಟೆ ಟ್ರಿಯರ್‌ನ ಆರ್ಚ್‌ಬಿಷಪ್‌ಗೆ ಸೇರಿತು, ಅವನು ಅದನ್ನು ಇದೇ ಮನೆತನಕ್ಕೆ ಜಹಗೀರಾಗಿ ಕೊಟ್ಟ. ಇದಾದ ಮೇಲೆ ಅವರು ನಸ್ಸೌ ಕೌಂಟ್‌ಗಳೆಂದು ಕರೆಸಿಕೊಂಡರು. ಮಧ್ಯಯುಗದ ಜರ್ಮನಿಯಲ್ಲಿ ಮನೆತನವೊಂದು ನೆಲೆಯೂರಿದ್ದು ಬಹುಪಾಲು ಹೀಗೆಯೇ. ಮೊದಲು ಕೋಟೆ, ಆಮೇಲೆ ಹಕ್ಕಿನ ಕಾಗದ, ಕೊನೆಗೆ ಬಿರುದು.

ಜರ್ಮನ್ ಕುಲೀನ ಮನೆತನಗಳಲ್ಲಿ ಆಸ್ತಿ ಹಿರಿಯ ಮಗನೊಬ್ಬನಿಗೇ ಹೋಗಬೇಕೆಂಬ ಕಟ್ಟಳೆ ಆಗ ಇರಲಿಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುತ್ತಿದ್ದರು. 1255ರ ಡಿಸೆಂಬರ್‌ನಲ್ಲಿ ವಾಲ್ರಾಮ್ ಮತ್ತು ಒಟ್ಟೊ ಎಂಬ ಸಹೋದರರು ಲಾನ್ ನದಿಯನ್ನೇ ಗಡಿಯಾಗಿಟ್ಟುಕೊಂಡು ಹಿಸ್ಸೆಯಾದರು. ನದಿಯ ದಕ್ಷಿಣದ್ದು ವಾಲ್ರಾಮನಿಗೆ: ವೀಸ್‌ಬಾಡೆನ್, ಇಡ್‌ಸ್ಟೈನ್, ವೈಲ್‌ಬುರ್ಗ್. ಉತ್ತರದ್ದು ಒಟ್ಟೊಗೆ: ಸೀಗೆನ್, ಡಿಲ್ಲೆನ್‌ಬುರ್ಗ್, ಹೆರ್‌ಬೋರ್ನ್. ಮೂಲ ನಸ್ಸೌ ಕೋಟೆ ಮಾತ್ರ ಇಬ್ಬರ ಜಂಟಿ ಆಸ್ತಿಯಾಗಿ ಉಳಿಯಿತು.

ಈ ಹಿಸ್ಸೆ ಎಷ್ಟು ದೂರ ಎಳೆಯಿತು ನೋಡಿ. ಒಟ್ಟೊನ ಶಾಖೆಯಲ್ಲಿ 1533ರಲ್ಲಿ ಡಿಲ್ಲೆನ್‌ಬುರ್ಗ್‌ನಲ್ಲಿ ಹುಟ್ಟಿದ ಆರೆಂಜ್‌ನ ವಿಲಿಯಂ ಸ್ಪೇನ್ ವಿರುದ್ಧ ಡಚ್ಚರ ದಂಗೆಯ ಮುಂದಾಳಾದ. ಇಂದಿನ ನೆದರ್ಲೆಂಡ್ಸ್ ರಾಜಮನೆತನದ ಹೆಸರಿನಲ್ಲಿ ಆರೆಂಜ್ ಜೊತೆ ನಸ್ಸೌ ಇರುವುದು ಇದರಿಂದ. ಬಹಾಮಾಸ್ ರಾಜಧಾನಿಗೆ ನಸ್ಸೌ ಎಂಬ ಹೆಸರು ಬಂದದ್ದೂ ಇದೇ ಶಾಖೆಯ, ಇಂಗ್ಲೆಂಡಿನ ರಾಜನೂ ಆದ ಮೂರನೇ ವಿಲಿಯಂನಿಂದ. ಎರಡು ಶಾಖೆಗಳು 1783ರಲ್ಲಿ ಒಂದು ಕುಟುಂಬ ಒಪ್ಪಂದ ಮಾಡಿಕೊಂಡವು. ಒಂದು ಕಡೆ ಗಂಡು ಸಂತಾನ ನಿಂತರೆ ಇನ್ನೊಂದು ಕಡೆಯವರು ವಾರಸುದಾರರು. 1890ರಲ್ಲಿ ನೆದರ್ಲೆಂಡ್ಸ್‌ನ ಮೂರನೇ ವಿಲಿಯಂ ಗಂಡುಮಕ್ಕಳನ್ನು ಬಿಡದೆ ತೀರಿಕೊಂಡಾಗ ಡಚ್ ಸಿಂಹಾಸನ ಮಗಳು ವಿಲ್ಹೆಲ್ಮಿನಾಗೆ ಹೋಯಿತು, ಲಕ್ಸೆಂಬರ್ಗ್ ಮಾತ್ರ ಈ ಒಪ್ಪಂದದ ಬಲದಿಂದ ವಾಲ್ರಾಮನ ಶಾಖೆಗೆ ಬಂತು. ಆಗ ಗ್ರ್ಯಾಂಡ್ ಡ್ಯೂಕ್ ಆದವನ ಹೆಸರೂ ಅಡೋಲ್ಫ್. ನಮ್ಮ ಲೇಖನದ ಅಡೋಲ್ಫ್ ಈ ವಾಲ್ರಾಮನ ಮಗ.

ಆದರೆ 1255ರ ಮಟ್ಟಿಗೆ ಹಿಸ್ಸೆಯ ಫಲ ಒಂದೇ: ಮೊದಲೇ ಚಿಕ್ಕದಾಗಿದ್ದ ಕೌಂಟಿ ಅರ್ಧವಾಯಿತು. ಅಡೋಲ್ಫ್ 1270ರ ದಶಕದಲ್ಲಿ ಅಪ್ಪನ ಪಾಲಿಗೆ ಒಡೆಯನಾದಾಗ ಅವನು ಎರಡನೇ ದರ್ಜೆಯ ಪ್ರಭು. ರೈನ್ ದಂಡೆಯ ಕೌಬ್ ಕೋಟೆಯಲ್ಲಿ ಪ್ಯಾಲಟಿನೇಟ್ ಕೌಂಟ್‌ನ ಪರವಾಗಿ ಕಾವಲಿನ ಹೊಣೆ ಹೊತ್ತವರಲ್ಲಿ ಅವನೂ ಒಬ್ಬ. ಮುಂದೆ ಇದೇ ಒಡೆಯನೂ ಅವನಿಗೆ ಮತ ಹಾಕಬೇಕಾಯಿತು.

ರಾಜನನ್ನು ಆರಿಸುವ ಬಗೆ

ಜರ್ಮನಿಯಲ್ಲಿ ರಾಜನ ಮಗನೇ ರಾಜನಾಗಬೇಕೆಂಬ ನಿಯಮ ಗಟ್ಟಿಯಾಗಲೇ ಇಲ್ಲ. 13ನೇ ಶತಮಾನದ ನಡುವಿನ ಹೊತ್ತಿಗೆ ಆರಿಸುವ ಹಕ್ಕು ಏಳು ಮಂದಿಯ ಕೈಸೇರಿತ್ತು, ಅವರನ್ನು ಎಲೆಕ್ಟರ್‌ಗಳು ಎನ್ನುತ್ತಾರೆ. ಮೂವರು ಧರ್ಮಾಧಿಕಾರಿಗಳು: ಮೈಂಟ್ಸ್, ಕೊಲೋನ್, ಟ್ರಿಯರ್‌ಗಳ ಆರ್ಚ್‌ಬಿಷಪ್‌ಗಳು. ನಾಲ್ವರು ಲೌಕಿಕರು: ರೈನ್ ಪ್ಯಾಲಟಿನೇಟ್‌ನ ಕೌಂಟ್, ಸ್ಯಾಕ್ಸನಿಯ ಡ್ಯೂಕ್, ಬ್ರಾಂಡನ್‌ಬುರ್ಗ್‌ನ ಮಾರ್ಗ್ರೇವ್, ಬೊಹೀಮಿಯದ ರಾಜ.

ಕ್ರಮ ಹೀಗೆ. ರಾಜ ಸತ್ತರೆ ಸಭೆ ಕರೆಯುವ ಹಕ್ಕು ಮೈಂಟ್ಸ್ ಆರ್ಚ್‌ಬಿಷಪ್‌ನದು. ಸಭೆ ಸೇರುವುದು ಫ್ರಾಂಕ್‌ಫರ್ಟ್‌ನಲ್ಲಿ. ಆಯ್ಕೆಯಾದವನು ಆಖೆನ್‌ಗೆ ಹೋಗಿ ಕೊಲೋನ್ ಆರ್ಚ್‌ಬಿಷಪ್‌ನ ಕೈಯಿಂದ ಕಿರೀಟ ತೊಡಿಸಿಕೊಳ್ಳಬೇಕು. ಇಷ್ಟಾದರೆ ಅವನು ರೋಮನ್ನರ ರಾಜ, ಅಂದರೆ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಾಗಬಲ್ಲ ಜರ್ಮನಿಯ ರಾಜ. ಚಕ್ರವರ್ತಿ ಅನ್ನಿಸಿಕೊಳ್ಳಬೇಕಾದರೆ ಆಲ್ಪ್ಸ್ ದಾಟಿ ರೋಮ್‌ಗೆ ಹೋಗಿ ಪೋಪ್‌ನ ಆಶೀರ್ವಾದದೊಂದಿಗೆ ಮತ್ತೊಮ್ಮೆ ಕಿರೀಟ ತೊಡಬೇಕು. ಅಡೋಲ್ಫ್ ಆ ಹಂತ ಮುಟ್ಟಲೇ ಇಲ್ಲ, ಹಾಗಾಗಿ ಅವನನ್ನು ಚಕ್ರವರ್ತಿ ಎನ್ನುವುದು ತಪ್ಪು.

ಕಾಗದದ ಮೇಲಿನ ಕ್ರಮ ಇದು. ನಿಜವಾದ ಕೆಲಸ ನಡೆಯುತ್ತಿದ್ದದ್ದು ಸಭೆಗೆ ಮುಂಚೆ, ಒಬ್ಬೊಬ್ಬ ಎಲೆಕ್ಟರ್ ಜೊತೆ ಬೇರೆ ಬೇರೆಯಾಗಿ. ಯಾರಿಗೆ ಯಾವ ಕೋಟೆ, ಯಾವ ನದಿಸುಂಕ, ಎಷ್ಟು ಬೆಳ್ಳಿ, ಯಾರ ಮಗಳಿಗೆ ಯಾರ ಮಗ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಇದನ್ನು ಬರೀ ಲಂಚ ಎಂದು ತಳ್ಳಿಹಾಕಿದರೆ ವಿಷಯ ಅರ್ಥವಾಗುವುದಿಲ್ಲ. ಆಗಿನ ರಾಜನಿಗೆ ಸಂಬಳದ ಅಧಿಕಾರಿಗಳಾಗಲಿ ನಿಂತ ಸೈನ್ಯವಾಗಲಿ ಇರಲಿಲ್ಲ. ದೊಡ್ಡ ಪ್ರಭುಗಳ ಸಹಕಾರವೇ ಆಡಳಿತ, ಸಹಕಾರಕ್ಕೆ ಪ್ರತಿಫಲ ಕೊಡುವುದು ವಾಡಿಕೆ. ತೊಡಕು ಹುಟ್ಟಿದ್ದು ಪ್ರತಿಫಲ ಬರುವ ಬೊಕ್ಕಸ ಖಾಲಿಯಾದಾಗ.

ಬೊಕ್ಕಸದಲ್ಲಿ ಏನಿತ್ತು

ರಾಜನ ಆದಾಯಕ್ಕೆ ಎರಡು ಮೂಲ. ಒಂದು, ಪಟ್ಟದ ಜೊತೆಗೆ ಬರುವ ಸಾಮ್ರಾಜ್ಯದ ಆಸ್ತಿ: ನೇರವಾಗಿ ರಾಜನಿಗೆ ಸೇರಿದ ಊರುಗಳ ತೆರಿಗೆ, ಕೋಟೆ, ಕಾಡು, ರೈನ್ ಮೇಲಿನ ಸುಂಕಕಟ್ಟೆಗಳು, ಯಹೂದಿಗಳಿಂದ ವಸೂಲು ಮಾಡುತ್ತಿದ್ದ ವಿಶೇಷ ತೆರಿಗೆ. ಇನ್ನೊಂದು, ಅವನ ಮನೆತನದ ಸ್ವಂತ ಭೂಮಿ.

ಮೊದಲನೆಯದರ ಅಳತೆಗೆ ಒಂದು ದಾಖಲೆ ಉಳಿದಿದೆ. 1241ರ ತೆರಿಗೆ ಪಟ್ಟಿಯಲ್ಲಿ ರಾಜನ ಊರುಗಳು ಒಂದೊಂದಾಗಿ ಬರುತ್ತವೆ. ಫ್ರಾಂಕ್‌ಫರ್ಟ್‌ನಂಥ ಊರಿನ ಪಾಲು 250 ಮಾರ್ಕ್ ಬೆಳ್ಳಿ. ಎಲ್ಲ ಕೂಡಿಸಿದರೆ ಸುಮಾರು 7,000 ಮಾರ್ಕ್. ಮಾರ್ಕ್ ಎಂಬುದು ಆಗ ನಾಣ್ಯವಲ್ಲ, ತೂಕ. ಕೊಲೋನ್ ಮಾರ್ಕ್ ಎಂದರೆ ಇವತ್ತಿನ ಲೆಕ್ಕದಲ್ಲಿ ಸುಮಾರು 234 ಗ್ರಾಂ.

ಈ ಪಟ್ಟಿಯ ನಂತರ, ಅಲ್ಲಿಯವರೆಗೆ ಜರ್ಮನಿ ಆಳುತ್ತಿದ್ದ ಸ್ಟೌಫೆನ್ ವಂಶ ಕುಸಿಯಿತು. 1250ರಿಂದ 1273ರವರೆಗೆ ದೇಶಕ್ಕೆ ಗಟ್ಟಿ ರಾಜನೇ ಇರಲಿಲ್ಲ, ಸಿಕ್ಕಿದವರು ಸಿಕ್ಕಿದ್ದನ್ನು ಬಾಚಿಕೊಂಡರು. 1273ರಲ್ಲಿ ಆಯ್ಕೆಯಾದ ಹಾಬ್ಸ್‌ಬುರ್ಗ್‌ನ ರುಡೋಲ್ಫ್ ಕೈತಪ್ಪಿದ ಆಸ್ತಿಯನ್ನು ಮರಳಿ ವಶಕ್ಕೆ ತರಲು ಹೆಣಗಿದ. ಜೊತೆಗೆ ಬೊಹೀಮಿಯದ ಒಟ್ಟೊಕಾರ್‌ನನ್ನು 1278ರಲ್ಲಿ ಸೋಲಿಸಿ ಆಸ್ಟ್ರಿಯಾ, ಸ್ಟಿರಿಯಾಗಳನ್ನು ತನ್ನ ಮಕ್ಕಳಿಗೆ ಕೊಟ್ಟ. ರಾಜಪದವಿಯನ್ನು ಬಳಸಿ ಮನೆತನದ ಬಲ ಬೆಳೆಸುವುದು ಹೇಗೆಂದು ಅವನು ತೋರಿಸಿಕೊಟ್ಟಿದ್ದ. ಎಲೆಕ್ಟರ್‌ಗಳು ಹೆದರಿದ್ದು ಇದಕ್ಕೇ. 1291ರ ಜುಲೈ 15ರಂದು ರುಡೋಲ್ಫ್ ಸ್ಪೈಯರ್‌ನಲ್ಲಿ ತೀರಿಕೊಂಡಾಗ ಮಗ ಆಲ್ಬ್ರೆಕ್ಟ್ ಸಹಜವಾಗಿಯೇ ಉಮೇದುವಾರ. ಆದರೆ ಆಸ್ಟ್ರಿಯಾದಂಥ ದೊಡ್ಡ ಡಚಿ ಕೈಯಲ್ಲಿರುವವನು, ಮೇಲಾಗಿ ರಾಜನ ಮಗ, ಯಾರ ಹಂಗಿಗೂ ಬೀಳುವವನಲ್ಲ. ಬೊಹೀಮಿಯದ ವೆನ್ಸೆಸ್ಲಾಸ್ ಆಲ್ಬ್ರೆಕ್ಟ್‌ನ ತಂಗಿಯನ್ನು ಮದುವೆಯಾಗಿದ್ದರೂ ಭಾವಮೈದುನರ ನಡುವೆ ಹಗೆ. ಪ್ಯಾಲಟಿನೇಟ್‌ನ ಲುಡ್ವಿಗ್ ಮಾತ್ರ ಆಲ್ಬ್ರೆಕ್ಟ್ ಕಡೆಗಿದ್ದ, ಅವನೂ ಕೊನೆಗೆ ಬಹುಮತದ ಜೊತೆ ಸೇರಿದ.

ಆಂಡರ್‌ನಾಖ್‌ನ ಕರಾರು

ಅಡೋಲ್ಫನ ಹೆಸರು ಮುಂದಿಟ್ಟವನು ಕೊಲೋನ್ ಆರ್ಚ್‌ಬಿಷಪ್ ವೆಸ್ಟರ್‌ಬುರ್ಗ್‌ನ ಸೀಗ್‌ಫ್ರೀಡ್. ಅವನ ಪರಿಸ್ಥಿತಿ ತಿಳಿಯದೆ ಈ ಕರಾರು ಅರ್ಥವಾಗದು. 1288ರ ಜೂನ್ 5ರಂದು ವೊರಿಂಗೆನ್ ಕದನದಲ್ಲಿ ಬ್ರಬಾಂಟ್‌ನ ಡ್ಯೂಕ್, ಬರ್ಗ್‌ನ ಕೌಂಟ್ ಮತ್ತು ಸ್ವತಃ ಕೊಲೋನ್ ನಗರದ ಜನ ಒಟ್ಟಾಗಿ ಸೀಗ್‌ಫ್ರೀಡ್‌ನನ್ನು ಸೋಲಿಸಿ ಸೆರೆಹಿಡಿದಿದ್ದರು. ಬಿಡುಗಡೆಗೆ ಅವನು ಭಾರೀ ದಂಡ ತೆತ್ತ. ತನ್ನದೇ ನಗರದ ಮೇಲಿನ ಹಿಡಿತವೂ ಹೋಯಿತು. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಅವನಿಗೆ ಒಬ್ಬ ರಾಜ ಬೇಕಿತ್ತು. ತನ್ನ ಖರ್ಚು ತುಂಬಿಕೊಡುವ, ತನ್ನ ಶತ್ರುಗಳನ್ನು ಹತ್ತಿರ ಸೇರಿಸದ ರಾಜ.

1292ರ ಏಪ್ರಿಲ್ 27ರಂದು, ಆಯ್ಕೆಗೆ ಎಂಟು ದಿನ ಇರುವಾಗ, ರೈನ್ ದಂಡೆಯ ಆಂಡರ್‌ನಾಖ್‌ನಲ್ಲಿ ಅಡೋಲ್ಫ್ ಬರೆದುಕೊಟ್ಟ ಪತ್ರದ ತಿರುಳು ಇದು. ಸೀಗ್‌ಫ್ರೀಡ್‌ಗೆ 25,000 ಮಾರ್ಕ್ ಬೆಳ್ಳಿ. ಕೋಖೆಮ್, ಲಾಂಡ್ಸ್‌ಕ್ರೋನ್, ಸಿನ್ಸಿಗ್, ಡೂಯಿಸ್‌ಬುರ್ಗ್, ಡಾರ್ಟ್‌ಮುಂಡ್ ಮುಂತಾದ ಸಾಮ್ರಾಜ್ಯದ ಕೋಟೆ-ಊರುಗಳು, ಎಸ್ಸೆನ್ ಮಠದ ಭೂಮಿಯ ಮೇಲ್ವಿಚಾರಣೆಯ ಹಕ್ಕು. ಹೆಸರಿಸಿದ ಶತ್ರುಗಳ ವಿರುದ್ಧ ನೆರವು. ಸೀಗ್‌ಫ್ರೀಡ್‌ನ ವೈರಿಗಳು ಯಾರೂ ರಾಜನ ಮಂತ್ರಾಲೋಚನೆಯಲ್ಲಿ ಕೂರುವಂತಿಲ್ಲ. ಇವೆಲ್ಲಕ್ಕಿಂತ ಬಿಗಿಯಾದದ್ದು ಕೊನೆಯ ಷರತ್ತು: ಈ ಮಾತುಗಳಿಗೆ ತಕ್ಕ ಜಾಮೀನು ಒದಗಿಸುವವರೆಗೆ ಕಿರೀಟ ಕೇಳುವಂತಿಲ್ಲ, ತಪ್ಪಿದರೆ ರಾಜತ್ವದ ಹಕ್ಕೇ ಹೋಗುತ್ತದೆ.

ಈಗ ಲೆಕ್ಕ ನೋಡಿ. 25,000 ಮಾರ್ಕ್ ಎಂದರೆ ಐದೂಮುಕ್ಕಾಲು ಟನ್‌ಗೂ ಮಿಕ್ಕಿದ ಬೆಳ್ಳಿ. 1241ರ ಪಟ್ಟಿಯ ಪ್ರಕಾರ ರಾಜನ ಊರುಗಳೆಲ್ಲದರ ತೆರಿಗೆಯನ್ನು ಒಂದು ಕಾಸೂ ಖರ್ಚು ಮಾಡದೆ ಮೂರೂವರೆ ವರ್ಷ ಕೂಡಿಟ್ಟರೆ ಅಷ್ಟಾಗುತ್ತದೆ. ಅದೂ ಸ್ಟೌಫೆನ್ ಕಾಲದ, ಆಸ್ತಿ ಇನ್ನೂ ಕೈತಪ್ಪದ ದಿನಗಳ ಲೆಕ್ಕ. ಇದು ಒಬ್ಬ ಎಲೆಕ್ಟರ್‌ಗೆ ಕೊಟ್ಟ ಮಾತು, ಉಳಿದವರು ಇನ್ನೂ ಸಾಲಿನಲ್ಲಿದ್ದರು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಹಣ ಕೊಡುವ ದಾರಿಯೆಂದರೆ ಸಾಮ್ರಾಜ್ಯದ ಊರು-ಸುಂಕಗಳು, ಆದರೆ ಅದೇ ಊರುಗಳನ್ನು ಒತ್ತೆಯಾಗಿ ಕೊಡಬೇಕೆಂದು ಅದೇ ಕರಾರು ಹೇಳುತ್ತದೆ. ಆ ಕಾಲದ ಒತ್ತೆ ಹೆಚ್ಚಾಗಿ ಭೋಗ್ಯ: ಅಸಲು ತೀರುವವರೆಗೆ ಊರಿನ ವರಮಾನ ಸಾಲ ಕೊಟ್ಟವನದು, ಆ ವರಮಾನ ಅಸಲಿಗೆ ಜಮೆಯಾಗುವುದಿಲ್ಲ. ಆದಾಯ ಕೊಡುವ ಆಸ್ತಿಯೇ ಕೈಬಿಟ್ಟ ಮೇಲೆ ಅಸಲು ತೀರಿಸುವುದು ಎಲ್ಲಿಂದ? ಒಮ್ಮೆ ಭೋಗ್ಯಕ್ಕೆ ಹೋದ ರಾಜನ ಊರು ಮರಳಿ ಬಂದದ್ದು ಅಪರೂಪ. ಅನೇಕ ಊರುಗಳು ಹೀಗೆ ಶಾಶ್ವತವಾಗಿ ಪ್ರಭುಗಳ ಪಾಲಾದವು.

ಮೇ 5ರಂದು ಎಲ್ಲರ ಪರವಾಗಿ ಹೆಸರು ಘೋಷಿಸಿದವನು ಮೈಂಟ್ಸ್ ಆರ್ಚ್‌ಬಿಷಪ್ ಎಪ್‌ಸ್ಟೈನ್‌ನ ಗೆರ್ಹಾರ್ಡ್. ಎಪ್‌ಸ್ಟೈನ್ ಮತ್ತು ನಸ್ಸೌ ಅಕ್ಕಪಕ್ಕದ ಸೀಮೆಗಳು, ಇಬ್ಬರಿಗೂ ನೆಂಟಸ್ತಿಕೆ ಇತ್ತು. ಥುರಿಂಗಿಯಾ ಸೀಮೆಯಲ್ಲಿದ್ದ ಮ್ಯೂಲ್‌ಹೌಸೆನ್, ನಾರ್ಡ್‌ಹೌಸೆನ್ ಎಂಬ ಸಾಮ್ರಾಜ್ಯದ ಊರುಗಳ ಮೇಲಿನ ಅಧಿಕಾರ ಗೆರ್ಹಾರ್ಡ್‌ಗೆ ಸಿಕ್ಕಿತು. ವೆನ್ಸೆಸ್ಲಾಸ್‌ಗೆ ಸಿಕ್ಕ ಮಾತು ಇದಕ್ಕಿಂತ ದೊಡ್ಡದು: ಅವನ ಮಗಳು ಆಗ್ನೆಸ್‌ಗೆ ಅಡೋಲ್ಫನ ಮಗ ರುಪ್ರೆಕ್ಟ್, ಮತ್ತು ಆಲ್ಬ್ರೆಕ್ಟ್‌ನನ್ನು ಆಸ್ಟ್ರಿಯಾ ವಿಚಾರದಲ್ಲಿ ಕಟಕಟೆಗೆ ಎಳೆಯುವ ಭರವಸೆ. ಅದೇ ಬೇಸಿಗೆಯಲ್ಲಿ ಆಖೆನ್‌ನಲ್ಲಿ ಪಟ್ಟಾಭಿಷೇಕವಾಯಿತು.

ಮೊದಲ ಬಿರುಕುಗಳು

ಕಿರೀಟ ತಲೆಗೇರಿದ ಕೆಲವೇ ತಿಂಗಳಲ್ಲಿ ಅಡೋಲ್ಫ್ ಕರಾರಿನಿಂದ ಹೊರಗೆ ಕಾಲಿಟ್ಟ. ಸೀಗ್‌ಫ್ರೀಡ್‌ನ ಕಡುವೈರಿ ಬ್ರಬಾಂಟ್‌ನ ಡ್ಯೂಕ್‌ನನ್ನು ಹತ್ತಿರ ಸೇರಿಸಿಕೊಂಡು ಕೆಳ ರೈನ್ ಸೀಮೆಯ ಶಾಂತಿಪಾಲನೆಯ ಹೊಣೆ ಕೊಟ್ಟ. ಕೊಲೋನ್ ನಗರದ ಜೊತೆ ರಾಜಿಗೆ ಬಂದ. ಆಲ್ಬ್ರೆಕ್ಟ್ 1292ರ ಕೊನೆಗೆ ಬಂದು ರಾಜಚಿಹ್ನೆಗಳನ್ನು ಒಪ್ಪಿಸಿದಾಗ ಅವನಿಗೆ ಆಸ್ಟ್ರಿಯಾ, ಸ್ಟಿರಿಯಾಗಳ ಜಹಗೀರನ್ನು ಸ್ಥಿರಪಡಿಸಿದ. ವೆನ್ಸೆಸ್ಲಾಸ್‌ಗೆ ಕೊಟ್ಟ ಭರವಸೆ ಅಲ್ಲಿಗೇ ಮುಗಿಯಿತು.

ಇದನ್ನು ಬರೀ ವಚನಭಂಗ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಬ್ರಬಾಂಟ್, ಕೊಲೋನ್ ನಗರ, ಆಸ್ಟ್ರಿಯಾ, ಮೂವರೂ ಬಲವುಳ್ಳವರು. ರಾಜ್ಯದಲ್ಲಿ ಶಾಂತಿ ಕಾಯಬೇಕೆಂದರೆ ಅವರನ್ನು ದೂರವಿಟ್ಟು ನಡೆಯದು. ಸೋತ ಆರ್ಚ್‌ಬಿಷಪ್‌ನೊಬ್ಬನ ಹಗೆಯನ್ನು ರಾಜ್ಯದ ನೀತಿಯನ್ನಾಗಿ ಮಾಡಿದ್ದರೆ ಅಡೋಲ್ಫ್ ವರ್ಷದೊಳಗೆ ಯುದ್ಧದಲ್ಲಿರುತ್ತಿದ್ದ. ರಾಜನಾಗಿ ಅವನು ಮಾಡಿದ್ದು ಸರಿ, ಸಾಲಗಾರನಾಗಿ ತಪ್ಪು. ಎರಡೂ ಪಾತ್ರ ಒಬ್ಬನೇ ಹೊತ್ತಿದ್ದ.

ಆದರೆ ಹಣ ಎಲ್ಲಿಂದಲಾದರೂ ಬರಬೇಕಿತ್ತು. 1294ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಮೊದಲನೇ ಎಡ್ವರ್ಡ್ ಜೊತೆ ಫ್ರಾನ್ಸ್ ವಿರುದ್ಧ ಮೈತ್ರಿ ಮಾಡಿಕೊಂಡ, ಪ್ರತಿಯಾಗಿ ದೊಡ್ಡ ಮೊತ್ತದ ಇಂಗ್ಲಿಷ್ ಬೆಳ್ಳಿ ಬಂತು. ಫ್ರಾನ್ಸ್‌ನ ಫಿಲಿಪ್ ಮೇಲೆ ಯುದ್ಧ ಸಾರಿದ, ಆದರೆ ಸೈನ್ಯ ಪಶ್ಚಿಮಕ್ಕೆ ಹೊರಡಲಿಲ್ಲ. ಫ್ರಾನ್ಸ್‌ನಿಂದಲೂ ಹಣ ತಿಂದನೆಂಬ ಆಪಾದನೆ ಬಂತು. ಸಾರ್ವಭೌಮನೊಬ್ಬ ಕೂಲಿಗೆ ಕಾದುವ ಸೈನಿಕನಂತೆ ನಡೆದುಕೊಂಡನೆಂದು ಅಂದಿನವರು ಹೀಯಾಳಿಸಿದರು.

ಥುರಿಂಗಿಯಾ: ಎಲ್ಲ ಕೆಟ್ಟದ್ದು ಇಲ್ಲಿ

ಇಂಗ್ಲಿಷ್ ಬೆಳ್ಳಿ ಬರುವ ಮೊದಲೇ, 1294ರ ವಸಂತದಲ್ಲಿ, ಅಡೋಲ್ಫ್ ಒಂದು ದೊಡ್ಡ ವ್ಯವಹಾರಕ್ಕೆ ಕೈಹಾಕಿದ್ದ. ಥುರಿಂಗಿಯಾದ ಒಡೆಯ, ಲಾಂಡ್‌ಗ್ರೇವ್ ಎಂಬ ಬಿರುದಿನ ಆಲ್ಬ್ರೆಕ್ಟ್‌ಗೆ (ಇವನು ಆಸ್ಟ್ರಿಯಾದ ಆಲ್ಬ್ರೆಕ್ಟ್ ಅಲ್ಲ) ಸ್ವಂತ ಮಕ್ಕಳಾದ ಫ್ರೆಡರಿಕ್ ಮತ್ತು ಡೀಟ್ಸ್‌ಮನ್ ಮೇಲೆ ಸದಾ ಜಗಳ. ಚರಿತ್ರೆಯಲ್ಲಿ ಅವನಿಗೆ ಉಳಿದ ಅಡ್ಡಹೆಸರು ಕುಲಗೇಡಿ ಎಂಬರ್ಥದ್ದು. ಈ ಅಪ್ಪ ತನ್ನ ಸೀಮೆಯನ್ನೇ ಅಡೋಲ್ಫ್‌ಗೆ ಮಾರಿದ. ಇದರ ಪಕ್ಕದ ಮೈಸೆನ್ ಸೀಮೆಯ ಒಡೆಯ ಫ್ರೆಡರಿಕ್ ಟುಟ 1291ರಲ್ಲಿ ಗಂಡುಮಕ್ಕಳಿಲ್ಲದೆ ಸತ್ತಿದ್ದ. ವಾರಸುದಾರನಿಲ್ಲದ ಜಹಗೀರು ರಾಜನಿಗೆ ಮರಳಬೇಕೆಂದು ಅಡೋಲ್ಫ್ ಅದಕ್ಕೂ ಹಕ್ಕು ಹೂಡಿದ.

ರುಡೋಲ್ಫ್ ಆಸ್ಟ್ರಿಯಾದಲ್ಲಿ ಮಾಡಿದ್ದನ್ನೇ ಇವನೂ ಮಾಡಲು ಹೊರಟಿದ್ದ. ಕಾನೂನಿನ ದೃಷ್ಟಿಯಿಂದ ಹಕ್ಕು ದುರ್ಬಲವೇನಲ್ಲ. ಆಯ್ದುಕೊಂಡ ಸೀಮೆಯೂ ಸಣ್ಣದಲ್ಲ: ಮೈಸೆನ್‌ನ ಫ್ರೈಬರ್ಗ್‌ನಲ್ಲಿ 1168ರಿಂದ ಬೆಳ್ಳಿ ಗಣಿ ನಡೆಯುತ್ತಿತ್ತು. ಸಾಲದಲ್ಲಿ ಮುಳುಗಿದ ರಾಜನಿಗೆ ಇದಕ್ಕಿಂತ ಬೇಕಾದದ್ದು ಇನ್ನೇನು?

ಆದರೆ ಭೂಪಟ ತೆಗೆದು ನೋಡಿದರೆ ಅಪಾಯ ಎದ್ದು ಕಾಣುತ್ತದೆ. ಥುರಿಂಗಿಯಾದ ನಡುವೆ ಇರುವ ಎರ್‌ಫರ್ಟ್ ನಗರ ಮೈಂಟ್ಸ್ ಆರ್ಚ್‌ಬಿಷಪ್‌ನದು. ಸುತ್ತಲಿನ ಎಷ್ಟೋ ಭೂಮಿಯ ಮೇಲೆ ಮೈಂಟ್ಸ್‌ಗೆ ಹಕ್ಕಿತ್ತು. ಅಲ್ಲೊಬ್ಬ ಬಲವಾದ ರಾಜ ನೆಲೆಯೂರಿದರೆ ಗೆರ್ಹಾರ್ಡ್‌ಗೆ ನೇರ ಪೆಟ್ಟು. ಮೈಸೆನ್ ಬೊಹೀಮಿಯಕ್ಕೆ ಅಂಟಿಕೊಂಡ ಸೀಮೆ, ವೆನ್ಸೆಸ್ಲಾಸ್‌ನ ಕಣ್ಣು ಮೊದಲಿಂದಲೂ ಅದರ ಮೇಲೆ. ಬ್ರಾಂಡನ್‌ಬುರ್ಗ್, ಸ್ಯಾಕ್ಸನಿಗಳ ನೆರೆಯೂ ಅದೇ. ಅಂದರೆ ಒಂದೇ ಹೆಜ್ಜೆಯಲ್ಲಿ ಏಳರಲ್ಲಿ ನಾಲ್ಕು ಎಲೆಕ್ಟರ್‌ಗಳ ಹಿತ್ತಲಿಗೆ ಅಡೋಲ್ಫ್ ಕಾಲಿಟ್ಟಿದ್ದ. ರುಡೋಲ್ಫ್ ಆಸ್ಟ್ರಿಯಾ ಹಿಡಿದಾಗ ಎದುರಾಗಿದ್ದವನು ಬೊಹೀಮಿಯದ ಅರಸನೊಬ್ಬ, ಉಳಿದವರಿಗೆ ಅದು ದೂರದ ಮಾತು. ಈ ವ್ಯತ್ಯಾಸವೇ ಇಬ್ಬರ ಹಣೆಬರಹವನ್ನು ಬೇರೆ ಮಾಡಿತು ಅನ್ನಿಸುತ್ತದೆ.

1294ರಿಂದ 1296ರವರೆಗೆ ದಂಡಯಾತ್ರೆ ನಡೆಯಿತು. ಸೈನಿಕರು ಊರು, ಚರ್ಚು, ಮಠ ಎನ್ನದೆ ಕೊಳ್ಳೆ ಹೊಡೆದರು. ಆ ಸೀಮೆಯ ವೃತ್ತಾಂತಗಳು ಇದನ್ನು ಕಹಿಯಾಗಿಯೇ ದಾಖಲಿಸಿವೆ. 1296ರಲ್ಲಿ ಫ್ರೈಬರ್ಗ್ ಬಿತ್ತು. ಕಾಗದದ ಮೇಲೆ ಅಡೋಲ್ಫ್ ಗೆದ್ದಿದ್ದ.

ಪಟ್ಟ ಕಿತ್ತ ರೀತಿ

1297ರ ಜೂನ್ 2ರಂದು ಪ್ರಾಗ್‌ನಲ್ಲಿ ವೆನ್ಸೆಸ್ಲಾಸ್‌ನ ಪಟ್ಟಾಭಿಷೇಕ ನಡೆಯಿತು. ಕಿರೀಟ ತೊಡಿಸಲು ಗೆರ್ಹಾರ್ಡ್ ಬಂದಿದ್ದ, ಸ್ಯಾಕ್ಸನಿ-ಬ್ರಾಂಡನ್‌ಬುರ್ಗ್‌ನವರು ಬಂದಿದ್ದರು, ಆಸ್ಟ್ರಿಯಾದ ಆಲ್ಬ್ರೆಕ್ಟ್ ಕೂಡ ಬಂದಿದ್ದ. ಐದು ವರ್ಷದ ಹಿಂದೆ ಆಲ್ಬ್ರೆಕ್ಟ್ ಬೇಡ ಎಂದವರೇ ಅವನ ಜೊತೆ ಕೂತು ಮಾತು ಶುರು ಮಾಡಿದ್ದು ಇಲ್ಲಿ. ಮುಂದಿನ ವರ್ಷದ ಆರಂಭದಲ್ಲಿ ವಿಯೆನ್ನಾದಲ್ಲಿ ಯೋಜನೆ ಗಟ್ಟಿಯಾಯಿತು.

1298ರ ಜೂನ್ 23ರಂದು ಮೈಂಟ್ಸ್‌ನಲ್ಲಿ ನಡೆದದ್ದು ವಿಚಾರಣೆಯ ರೂಪದ ಸಭೆ. ಶಾಂತಿಭಂಗ, ಚರ್ಚುಗಳ ಅಪವಿತ್ರತೆ, ಮಾನಭಂಗ, ಕೊಟ್ಟ ಮಾತಿನ ಉಲ್ಲಂಘನೆ, ಹೀಗೆ ಆರೋಪಗಳ ಪಟ್ಟಿ ಓದಲಾಯಿತು. ಅಡೋಲ್ಫ್ ರಾಜತ್ವಕ್ಕೆ ಅಯೋಗ್ಯ, ಅವನ ಹಕ್ಕು ರದ್ದು ಎಂದು ಘೋಷಿಸಿ ಆಲ್ಬ್ರೆಕ್ಟ್‌ನನ್ನು ಆರಿಸಿದರು.

ಇದರ ಹೊಸತನ ಏನೆಂದರೆ, ಪೋಪ್‌ನ ಪಾತ್ರವೇ ಇಲ್ಲದಿರುವುದು. ಚಕ್ರವರ್ತಿ ಎರಡನೇ ಫ್ರೆಡರಿಕ್‌ನನ್ನು 1245ರಲ್ಲಿ ಲಿಯೋನ್ ಮಹಾಸಭೆಯಲ್ಲಿ ಪದಚ್ಯುತಗೊಳಿಸಿದ್ದು ಪೋಪ್ ನಾಲ್ಕನೇ ಇನೊಸೆಂಟ್. ಅದಕ್ಕೂ ಹಿಂದೆ ನಾಲ್ಕನೇ ಹೆನ್ರಿಯ ವಿಷಯದಲ್ಲಿ ಬಹಿಷ್ಕಾರದ ಅಸ್ತ್ರ ಇತ್ತು. ಅಡೋಲ್ಫನ ಮೇಲೆ ಬಹಿಷ್ಕಾರವಿರಲಿಲ್ಲ. ಆರಿಸುವ ಹಕ್ಕಿದ್ದವರಿಗೆ ಇಳಿಸುವ ಹಕ್ಕೂ ಇದೆ ಎಂದು ಎಲೆಕ್ಟರ್‌ಗಳು ತಾವಾಗಿಯೇ ನಿರ್ಧರಿಸಿದ್ದು ಇದೇ ಮೊದಲು.

ಕ್ರಮದಲ್ಲಿ ಲೋಪಗಳಿದ್ದವು. ಗೆರ್ಹಾರ್ಡ್, ಸ್ಯಾಕ್ಸನಿ, ಬ್ರಾಂಡನ್‌ಬುರ್ಗ್‌ನವರು ಖುದ್ದು ಹಾಜರಿದ್ದರು. ಬೊಹೀಮಿಯ ಮತ್ತು ಕೊಲೋನ್‌ನ ಒಪ್ಪಿಗೆ ಅಧಿಕಾರಪತ್ರದ ಮೂಲಕ (ಸೀಗ್‌ಫ್ರೀಡ್ ಹಿಂದಿನ ವರ್ಷವೇ ತೀರಿಕೊಂಡಿದ್ದ, ಆ ಪೀಠದಲ್ಲಿ ಈಗ ವಿಕ್‌ಬೋಲ್ಡ್ ಇದ್ದ). ಟ್ರಿಯರ್ ಮತ್ತು ಪ್ಯಾಲಟಿನೇಟ್ ಬರಲಿಲ್ಲ. ಪ್ಯಾಲಟಿನೇಟ್‌ನ ಗೈರುಹಾಜರಿ ಸಣ್ಣ ಮಾತಲ್ಲ. 13ನೇ ಶತಮಾನದ ಸ್ಯಾಕ್ಸನ್ ಕಾನೂನು ಸಂಗ್ರಹದ ಪ್ರಕಾರ ರಾಜನ ಮೇಲೆ ದೂರು ಬಂದರೆ ನ್ಯಾಯ ಹೇಳಬೇಕಾದವನು ಪ್ಯಾಲಟಿನೇಟ್ ಕೌಂಟ್. ಆ ಕೌಂಟ್ ಈಗ ಲುಡ್ವಿಗ್‌ನ ಮಗ ರುಡೋಲ್ಫ್. 1294ರಲ್ಲಿ ಅಡೋಲ್ಫನ ಮಗಳು ಮೆಖ್‌ಟಿಲ್ಡ್‌ಳನ್ನು ಮದುವೆಯಾದವನು ಅವನೇ. ಮಾವನ ವಿರುದ್ಧ ತೀರ್ಪು ಹೇಳುವ ಬದಲು ಮಾವನ ಸೈನ್ಯದಲ್ಲಿ ನಿಂತಿದ್ದ. ನ್ಯಾಯಾಧೀಶನಿಲ್ಲದ ನ್ಯಾಯಸಭೆಯ ತೀರ್ಪು ಮೈದಾನದಲ್ಲಿ ಗೆಲ್ಲಬೇಕಾಯಿತು.

ಗ್ಯೋಲ್‌ಹೈಮ್

ಜುಲೈ 2ರಂದು ವರ್ಮ್ಸ್‌ನ ಪಶ್ಚಿಮಕ್ಕಿರುವ ಗ್ಯೋಲ್‌ಹೈಮ್ ಹಳ್ಳಿಯ ಬಳಿ, ಹಾಸೆನ್‌ಬ್ಯೂಲ್ ಎಂಬ ದಿಬ್ಬದ ಮೇಲೆ ಎರಡು ಸೈನ್ಯಗಳು ಎದುರಾದವು. ಆಲ್ಬ್ರೆಕ್ಟ್ ಮೊದಲೇ ಬಂದು ದಿಬ್ಬ ಹಿಡಿದಿದ್ದ, ಕೆಳಗಿನಿಂದ ಮೇಲೇರಿ ದಾಳಿ ಮಾಡಬೇಕಾದದ್ದು ಅಡೋಲ್ಫ್. ಬೇಸಿಗೆಯ ಧಗೆ, ಮೈತುಂಬ ಕಬ್ಬಿಣ, ಭಾರದ ಕುದುರೆ, ಏರುದಾರಿ. ಅಡೋಲ್ಫ್ ಕುದುರೆಯಿಂದ ಬಿದ್ದು, ಶಿರಸ್ತ್ರಾಣವಿಲ್ಲದ ತಲೆಯಲ್ಲೇ ಕಾದಾಟಕ್ಕೆ ಮರಳಿದ ಎಂದು ವೃತ್ತಾಂತಗಳು ಹೇಳುತ್ತವೆ. ಅವನು ಸತ್ತೊಡನೆ ಯುದ್ಧ ಮುಗಿಯಿತು. ಮಗ ರುಪ್ರೆಕ್ಟ್ ಸೆರೆಯಾದ.

ಗೆದ್ದ ಆಲ್ಬ್ರೆಕ್ಟ್ ಮೈಂಟ್ಸ್‌ನ ಆಯ್ಕೆಯನ್ನು ನಂಬಿಕೊಂಡು ಕೂರಲಿಲ್ಲ. ಜುಲೈ 27ರಂದು ಫ್ರಾಂಕ್‌ಫರ್ಟ್‌ನಲ್ಲಿ ಮತ್ತೊಮ್ಮೆ, ಈ ಬಾರಿ ಕ್ರಮಬದ್ಧವಾಗಿ, ತನ್ನನ್ನು ಆರಿಸುವಂತೆ ಮಾಡಿದ. ಜೂನ್ 23ರ ತೀರ್ಪಿನ ಬೆಲೆ ಎಷ್ಟೆಂಬುದು ಅದರಿಂದ ಲಾಭ ಪಡೆದವನಿಗೇ ಚೆನ್ನಾಗಿ ಗೊತ್ತಿತ್ತು. ಸಿಂಹಾಸನದಲ್ಲಿ ಕುಳಿತ ರಾಜ ಬದುಕಿರುವಾಗ ನಡೆದ ಆಯ್ಕೆಯನ್ನು ಪ್ರಶ್ನಿಸಬಹುದು, ಅವನು ಸತ್ತ ಮೇಲಿನ ಆಯ್ಕೆಯನ್ನು ಯಾರೂ ಪ್ರಶ್ನಿಸಲಾರರು.

ಅಡೋಲ್ಫ್‌ನನ್ನು ಸ್ಪೈಯರ್‌ನ ರಾಜಸಮಾಧಿಗಳ ಸಾಲಿನಲ್ಲಿ ಹೂಳಲು ಆಲ್ಬ್ರೆಕ್ಟ್ ಒಪ್ಪಲಿಲ್ಲ. ದೇಹವನ್ನು ಹತ್ತಿರದ ರೋಸೆಂಟಾಲ್ ಮಠದಲ್ಲಿಟ್ಟರು. ರಾಣಿ ಇಮಾಗಿನಾ ಗಂಡ ಬಿದ್ದ ಜಾಗದಲ್ಲಿ ಕಲ್ಲಿನ ಶಿಲುಬೆ ನಿಲ್ಲಿಸಿದಳು. 19ನೇ ಶತಮಾನದಲ್ಲಿ ಅದರ ಸುತ್ತ ಪುಟ್ಟ ಚಾಪೆಲ್ ಕಟ್ಟಿದ್ದು, ಗ್ಯೋಲ್‌ಹೈಮ್‌ಗೆ ಹೋದವರು ಇಂದೂ ನೋಡಬಹುದು. 1308ರ ಮೇ 1ರಂದು ಆಲ್ಬ್ರೆಕ್ಟ್ ತನ್ನ ತಮ್ಮನ ಮಗನಿಂದಲೇ ಕೊಲೆಯಾದ. ಮುಂದೆ ರಾಜನಾದ ಲಕ್ಸೆಂಬರ್ಗ್‌ನ ಏಳನೇ ಹೆನ್ರಿ 1309ರಲ್ಲಿ ಇಬ್ಬರನ್ನೂ ಸ್ಪೈಯರ್‌ಗೆ ತಂದು ಅಕ್ಕಪಕ್ಕದಲ್ಲಿ ಹೂಳಿಸಿದ.

ಸೋತ ಮನೆತನ ಮತ್ತೆ ಎದ್ದದ್ದು

ಪಟ್ಟ ಹೋಯಿತು, ಥುರಿಂಗಿಯಾ ಹೋಯಿತು, ಆದರೆ ಲಾನ್ ದಕ್ಷಿಣದ ಮೂಲ ಆಸ್ತಿ ಅಡೋಲ್ಫನ ಮಗ ಗೆರ್ಲಾಖ್ ಕೈಯಲ್ಲಿ ಉಳಿಯಿತು. ಮನೆತನ ತನ್ನ ಸೋಲಿನಿಂದ ಕಲಿತದ್ದು ಸ್ಪಷ್ಟವಾಗಿದೆ: ರಾಜನಾಗುವುದಕ್ಕಿಂತ ರಾಜನನ್ನು ಆರಿಸುವ ಜಾಗದಲ್ಲಿ ಕೂರುವುದು ಮೇಲು. ಮೈಂಟ್ಸ್ ಪೀಠ ವಂಶಪಾರಂಪರ್ಯವಲ್ಲ, ಕಿರಿಯ ಮಕ್ಕಳನ್ನು ಚರ್ಚಿಗೆ ಕಳಿಸುವ ಮನೆತನಕ್ಕೆ ಅದು ಎಟುಕುವ ದೂರದಲ್ಲಿತ್ತು. 1346ರಿಂದ ಮುಂದಿನ ಒಂದೂಕಾಲು ಶತಮಾನದಲ್ಲಿ ವಾಲ್ರಾಮನ ಶಾಖೆಯ ನಾಲ್ವರು ಮೈಂಟ್ಸ್ ಆರ್ಚ್‌ಬಿಷಪ್‌ಗಳಾದರು. ಮೊದಲನೆಯವನು ರಾಜ ಅಡೋಲ್ಫನ ಮೊಮ್ಮಗ, ಗೆರ್ಲಾಖ್ ಎಂಬ ಹೆಸರಿನವನೇ. 1346ರಲ್ಲಿ ಪೋಪ್ ಅವನನ್ನು ಪೀಠಕ್ಕೆ ನೇಮಿಸಿದ, ಅವನು ಅದೇ ವರ್ಷ ನಾಲ್ಕನೇ ಚಾರ್ಲ್ಸ್‌ನ ಆಯ್ಕೆ ನಡೆಸಿಕೊಟ್ಟ. ಏಳು ಎಲೆಕ್ಟರ್‌ಗಳ ಹಕ್ಕನ್ನು 1356ರಲ್ಲಿ ಬಂಗಾರದ ಮುದ್ರೆಯ ಶಾಸನವಾಗಿ ಬರೆಸಿದವನು ಈ ಚಾರ್ಲ್ಸ್. ಆ ಶಾಸನ ಆರಿಸುವ ಕ್ರಮವನ್ನು ಇಂಚಿಂಚಾಗಿ ಹೇಳುತ್ತದೆ, ಇಳಿಸುವ ಕ್ರಮದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾಗಿ ಆ ಕೆಲಸಕ್ಕೆ ಉಳಿದದ್ದು 1298ರ ಪೂರ್ವನಿದರ್ಶನ ಒಂದೇ. 1400ರ ಆಗಸ್ಟ್ 20ರಂದು ಲಾನ್ ನದಿ ರೈನ್ ಸೇರುವಲ್ಲಿನ ಒಬರ್‌ಲಾನ್‌ಸ್ಟೈನ್‌ನಲ್ಲಿ ರೈನ್‌ನ ನಾಲ್ವರು ಎಲೆಕ್ಟರ್‌ಗಳು ಸೇರಿ ಚಾರ್ಲ್ಸ್‌ನ ಮಗ, ರಾಜ ವೆನ್ಸೆಲ್‌ನನ್ನು ಪದಚ್ಯುತಗೊಳಿಸಿದರು. ಈ ಬಾರಿ ಪ್ಯಾಲಟಿನೇಟ್ ಕೌಂಟ್ ಗೈರಾಗಿರಲಿಲ್ಲ. ಮಾರನೇ ದಿನ ಅವರು ರಾಜನೆಂದು ಆರಿಸಿದ್ದೇ ಅವನನ್ನು. ಆ ದಿನ ಪದಚ್ಯುತಿಯ ತೀರ್ಪು ಓದಿದ್ದು ಮೈಂಟ್ಸ್ ಆರ್ಚ್‌ಬಿಷಪ್ ಎರಡನೇ ಯೋಹಾನ್, ಅಡೋಲ್ಫನ ಮರಿಮಗ.